ಮೂರನೇ ಮೀಟರಿನ ಮಂಜುಗಡ್ಡೆ

ನನ್ನ ಅಕ್ಕನ ಗಂಡನಿಗೆ ಹಡಗಿನಲ್ಲಿ ಥರ್ಮಾಮೀಟರ್ ಎಂದು ಹೆಸರು. ಸಂಶೋಧನೆಯ ಹಡಗಿನ ಡೆಕ್ಕಿನ ಮೇಲೆ ಇಪ್ಪತ್ತಾರು ವರ್ಷ ಕೆಲಸ ಮಾಡಿದವರು. ನಾನು ಅದೇ ಹಡಗಿನ ಅಡುಗೆಯವನು. ಆ ಕೆಲಸ ಕೊಡಿಸಿದ್ದೂ ಭಾವನೇ. ಹಾಗಾಗಿ ಇಲ್ಲಿ ಎಲ್ಲಾದರೂ ಹೊಗಳಿಕೆ ಜಾಸ್ತಿಯಾಗಿದ್ದರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ಸಮುದ್ರದ ತಳದಲ್ಲಿ ಕೆಸರಿನ ಗುಡ್ಡಗಳಿವೆ. ನೆಲದೊಳಗಿನ ಒತ್ತಡಕ್ಕೆ ಕೆಸರು, ನೀರು, ಗ್ಯಾಸು ಉಕ್ಕಿ ಉಕ್ಕಿ ಎದ್ದ ಗುಡ್ಡಗಳು. ಕೆಸರಿನ ಜ್ವಾಲಾಮುಖಿ ಎನ್ನುತ್ತಾರೆ, ಬೆಂಕಿ ಮಾತ್ರ ಇಲ್ಲ. ಮೇಲೆ ಒಂದೂವರೆ ಕಿಲೋಮೀಟರ್ ನೀರಿನ ಭಾರ, ಕೆಳಗೆ ಕೊರೆಯುವ ಚಳಿ. ಇವೆರಡರ ನಡುವೆ ಸಿಕ್ಕಿಕೊಂಡ ಗ್ಯಾಸು ನೀರಿನ ಜೊತೆ ಸೇರಿ ಬಿಳಿಯ ಮಂಜುಗಡ್ಡೆಯಾಗುತ್ತದೆ. ಕಡ್ಡಿ ಗೀರಿದರೆ ಹತ್ತಿಕೊಂಡು ಉರಿಯುವ ಮಂಜುಗಡ್ಡೆ. ಗುಡ್ಡದ ಬಾಯಲ್ಲಿ ಕೆಸರು ಬೆಚ್ಚಗಿರುವುದರಿಂದ ಅಲ್ಲಿ ಕಟ್ಟುವುದಿಲ್ಲ. ಬಾಯಿಯ ಸುತ್ತ ಬಳೆಯ ಹಾಗೆ ಕಟ್ಟುತ್ತದೆ. ಆ ಬಳೆ ಎಲ್ಲಿಯವರೆಗೆ ಹರಡಿದೆ ಎಂದು ನಕ್ಷೆಯಲ್ಲಿ ಗೆರೆ ಎಳೆಯುವುದು ನಮ್ಮ ಮುಖ್ಯ ವಿಜ್ಞಾನಿ ಮೇಡಂ ಅವರ ಹತ್ತು ವರ್ಷದ ಕೆಲಸವಾಗಿತ್ತು.

ಭಾರದ ಕಬ್ಬಿಣದ ಕೊಳವೆಯನ್ನು ತಳಕ್ಕೆ ಬಿಟ್ಟರೆ ಅದು ಕೆಸರಿಗೆ ಚುಚ್ಚಿಕೊಳ್ಳುತ್ತದೆ. ಮೇಲೆತ್ತಿದಾಗ ಒಳಗಿನ ಪ್ಲಾಸ್ಟಿಕ್ ಪೈಪಿನ ತುಂಬ ಕೆಸರು. ಮಂಜುಗಡ್ಡೆ ಇದ್ದರೆ ಆಗಲೇ ಕರಗತೊಡಗಿರುತ್ತದೆ, ಕರಗುತ್ತ ಸುತ್ತಲಿನ ಶಾಖವನ್ನು ಹೀರುವುದರಿಂದ ಪೈಪಿನ ಅಷ್ಟು ಭಾಗ ತಣ್ಣಗಾಗುತ್ತದೆ. ಭಾವ ಗ್ಲೌಸ್ ಕಳಚಿ, ಮಂಡಿಯೂರಿ, ಪೈಪಿನ ಉದ್ದಕ್ಕೂ ಬರಿಗೈ ಆಡಿಸಿ, “ಇಲ್ಲಿ ಕುಯ್ಯಿ,” ಎನ್ನುತ್ತಿದ್ದರು. ಕುಯ್ದ ತುಂಡು ನೇರವಾಗಿ, ಮುಟ್ಟಿದ್ದನ್ನೆಲ್ಲ ಹೆಪ್ಪುಗಟ್ಟಿಸುವ ದ್ರವ ಸಾರಜನಕದ ಡಬ್ಬಕ್ಕೆ. ತಡ ಮಾಡಿದರೆ ಗ್ಯಾಸು ಗಾಳಿಪಾಲು, ಉಳಿಯುವುದು ನೀರುನೀರಾದ ಕೆಸರು. ಶಾಖ ಅಳೆಯುವ ಕ್ಯಾಮೆರಾ ಒಂದಿತ್ತು, ಉಪ್ಪುಗಾಳಿಗೆ ಕೆಟ್ಟು ಪೆಟ್ಟಿಗೆ ಸೇರಿತ್ತು. ಭಾವ ಇರುವಾಗ ಅದನ್ನು ರಿಪೇರಿ ಮಾಡಿಸುವ ಉಸಾಬರಿ ಯಾರಿಗೂ ಬೇಕಿರಲಿಲ್ಲ.

ಹೋದ ವರ್ಷದ ಪ್ರಯಾಣದಲ್ಲಿ ಒಂದು ಬೆಳಗ್ಗೆ, ಒಲೆಯಿಂದ ಆಗಷ್ಟೇ ಇಳಿಸಿದ ಸ್ಟೀಲ್ ಜಗ್ಗನ್ನು ಭಾವ ಎರಡೂ ಕೈಯಲ್ಲಿ ಹಿಡಿದು ಟೀ ಬಗ್ಗಿಸಿಕೊಂಡರು.

“ಭಾವ, ಅದು ಈಗ ತಾನೇ ಕುದೀತಾ ಇತ್ತು,” ಎಂದೆ.

“ನಿನ್ನ ಟೀ ಯಾವತ್ತು ಬಿಸಿ ಇರುತ್ತೆ ಹೇಳು,” ಎಂದರು.

ನಾನು ನಕ್ಕೆ. ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಅವರ ಎರಡು ಬೆರಳ ತುದಿಯಲ್ಲಿ ಗುಳ್ಳೆ ಎದ್ದಿರುವುದು ಕಂಡಿತು. ವರ್ಷಗಟ್ಟಲೆ ಸಾರಜನಕದ ಡಬ್ಬದ ಜೊತೆ ಏಗಿದ ಬೆರಳುಗಳು. ವಿಷಯ ಅರ್ಥವಾಗದಷ್ಟು ದಡ್ಡ ನಾನಲ್ಲ. ಆದರೆ ಇವರನ್ನು ಡೆಕ್ಕಿನಿಂದ ಇಳಿಸಿದರೆ ಮನೆಯಲ್ಲಿ ಕೂತು ಅಕ್ಕನ ತಲೆ ತಿನ್ನುತ್ತಾರೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಸುಮ್ಮನಾದೆ.

ಮೂರು ದಿನದ ಮೇಲೆ ಗುಡ್ಡದ ಹೊರ ಇಳಿಜಾರಿನಿಂದ ಒಂದು ಪೈಪು ಬಂತು. ಭಾವ ಕೈ ಆಡಿಸಿ, “ಏನಿಲ್ಲ,” ಎಂದರು. ಪೈಪಿನ ಜೊತೆ ಹೋಗುವ ಹಾಳೆಯಲ್ಲಿ ‘ಮಂಜುಗಡ್ಡೆ ಇಲ್ಲ’ ಎಂದು ಬರೆದು ಸಹಿ ಹಾಕಿದರು. ಬಳೆ ಅಲ್ಲಿಗೆ ಮುಗಿಯಿತು ಎಂದು ಮೇಡಂ ಗೆರೆ ಎಳೆದರು.

ನಾಲ್ಕು ತಿಂಗಳಾದ ಮೇಲೆ ಹಡಗು ರಿಪೇರಿಗೆ ನಿಂತಿತ್ತು, ನಾನು ದಡದಲ್ಲಿ ನಮ್ಮ ಸಂಶೋಧನಾ ಸಂಸ್ಥೆಯ ಕ್ಯಾಂಟೀನಿನಲ್ಲಿದ್ದೆ. ಅಲ್ಲಿನ ಲ್ಯಾಬಿನಲ್ಲಿ ಕೆಸರಿನಿಂದ ಹಿಂಡಿದ ನೀರಿನ ಉಪ್ಪು ಅಳೆಯುವವರನ್ನು ಎಲ್ಲರೂ ಉಪ್ಪಕ್ಕ ಎನ್ನುತ್ತಾರೆ. ಆ ಪೈಪಿನ ಮೂರನೇ ಮೀಟರಿನ ನೀರಲ್ಲಿ ಉಪ್ಪು ಅರ್ಧಕ್ಕರ್ಧ ಕಡಿಮೆ ಇದೆ ಎಂದು ಅವರು ಬರೆದರು. ಮಂಜುಗಡ್ಡೆ ಕಟ್ಟುವಾಗ ಉಪ್ಪನ್ನು ಹೊರಗೇ ಬಿಡುತ್ತದೆ. ಕರಗಿದರೆ ಬರುವುದು ಸಿಹಿನೀರು. ಅಂದರೆ ಅಲ್ಲಿ ಮಂಜುಗಡ್ಡೆ ಇತ್ತು. ಹಾಳೆ ಇಲ್ಲ ಎನ್ನುತ್ತಿತ್ತು.

“ನಮ್ಮ ಥರ್ಮಾಮೀಟರ್ ಕೈ ಆಡಿಸಿ ಇಲ್ಲ ಅಂದ್ರೆ ಇಲ್ಲ,” ಎಂದರು ಮೇಡಂ. “ನಿಮ್ಮ ಬಾಟಲಿಗೆ ನಲ್ಲಿ ನೀರು ಸೇರಿರಬೇಕು.”

ಆ ಪ್ರಯಾಣದ ನಲವತ್ತು ಪೈಪುಗಳ ಅಳತೆಯನ್ನೂ ಕೈಬಿಡುವುದು, ವರದಿಯಿಂದ ಉಪ್ಪಕ್ಕನ ಹೆಸರು ತೆಗೆಯುವುದು ಎಂದು ತೀರ್ಮಾನವಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಉಪ್ಪಕ್ಕ ಅವತ್ತು ಊಟಕ್ಕೆ ಬರಲಿಲ್ಲ. ಸಂಜೆ ಅಕ್ಕನ ಮನೆಗೆ ಹೋದಾಗ ಇದನ್ನು ಭಾವನ ಮುಂದೆ ಹೇಳಿದೆ. ಬೇಕೆಂದೇ ಹೇಳಿದೆ.

ಭಾವ ಸ್ವಲ್ಪ ಹೊತ್ತು ಪೇಪರ್ ಮಡಚುತ್ತ, ಬಿಚ್ಚುತ್ತ ಕೂತರು. ಆಮೇಲೆ ಅಕ್ಕನನ್ನು ಕರೆದರು. “ನಾನು ಕಣ್ಣು ಮುಚ್ಕೋತೀನಿ. ಒಂದು ಕೈಲಿ ಫ್ರಿಜ್ಜಿನ ಐಸಿಡು, ಇನ್ನೊಂದ್ರಲ್ಲಿ ಸೋಪಿನ ತುಂಡಿಡು.”

“ಈ ವಯಸ್ಸಲ್ಲಿ ಇದೇನ್ರೀ ಮಕ್ಕಳಾಟ,” ಎನ್ನುತ್ತ ಅಕ್ಕ ಎರಡನ್ನೂ ಬೆರಳುಗಳ ಮೇಲೆ ಇಟ್ಟಳು.

“ಎಡಗೈಲಿ ಐಸು,” ಎಂದರು ಭಾವ.

ಕರಗಿದ ನೀರು ಬಲಗೈ ಮಣಿಕಟ್ಟಿನಿಂದ ಇಳಿಯುತ್ತಿತ್ತು. ಅಕ್ಕ ಸೆರಗಿನಿಂದ ಅದನ್ನು ಒರೆಸಿದಳು.

ಮರುದಿನ ಬೆಳಗ್ಗೆ ಭಾವ ಮೇಡಂ ಕೋಣೆಗೆ ಹೋದರು. ಉಪ್ಪಕ್ಕನೂ ಅಲ್ಲಿದ್ದರು. “ಇವರ ಬಾಟಲಿ ಸರಿಯಾಗೇ ಇದೆ, ಮೇಡಂ. ಕೆಟ್ಟಿರೋದು ನಾನು.”

“ಯಾವಾಗಿಂದ?”

“ಎರಡು ವರ್ಷ ಆಗಿರಬಹುದು. ಹೇಳಿದ್ರೆ ಡೆಕ್ಕಿನ ಮೇಲೆ ನನಗೇನು ಕೆಲಸ, ಅದಕ್ಕೆ ಹೇಳಲಿಲ್ಲ.”

ಮೇಡಂ ಬೈಯಲಿಲ್ಲ. ಫೈಲಿನಿಂದ ಆ ಹಾಳೆ ತೆಗೆದು ಮುಂದಿಟ್ಟರು. ಭಾವ ತಮ್ಮ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಬರೆದರು: ‘ಇತ್ತು. ನನ್ನ ಬೆರಳಿಗೆ ಗೊತ್ತಾಗಲಿಲ್ಲ.’ ತಾರೀಕು, ಸಹಿ.

ಭಾವ ಈಗ ಪೈಪುಗಳ ಉಗ್ರಾಣದಲ್ಲಿದ್ದಾರೆ. ಅವರು ‘ಇಲ್ಲ’ ಎಂದು ಬರೆದ ಎರಡು ವರ್ಷದ ಹಾಳೆಗಳು ಅರವತ್ತೊಂದು. ಒಂದೊಂದೇ ಪೈಪು ಹುಡುಕಿ ತಂದುಕೊಡುತ್ತಾರೆ, ಉಪ್ಪಕ್ಕ ಮತ್ತೆ ಅಳೆಯುತ್ತಾರೆ. ಇಲ್ಲಿಯವರೆಗೆ ಐದರಲ್ಲಿ ಸಿಹಿನೀರು ಸಿಕ್ಕಿದೆ. ಮೇಡಂ ಬಳೆಯ ಗೆರೆಯನ್ನು ಅಳಿಸಿ ಹೊರಗೆ ಸರಿಸಿದ್ದಾರೆ. ಕ್ಯಾಮೆರಾ ರಿಪೇರಿಗೆ ಹೋಗಿದೆ.

ಅವತ್ತಿನ ಒಂದು ಮಾತು ಮಾತ್ರ ಬಾಕಿ ಇದೆ. ಭಾವ ಸಹಿ ಹಾಕುವ ಹೊತ್ತಿಗೆ ನಾನು ಕ್ಯಾಂಟೀನಿನಿಂದ ಟೀ ತಂದು ಬಾಗಿಲಲ್ಲಿ ನಿಂತಿದ್ದೆ.

“ಇದು ಬೇರೆ ಯಾರಿಗಾದರೂ ಗೊತ್ತಿತ್ತಾ?” ಎಂದು ಮೇಡಂ ಕೇಳಿದರು.

ಭಾವ ನನ್ನ ಕಡೆ ತಿರುಗಲಿಲ್ಲ. “ಯಾರಿಗೂ ಇಲ್ಲ, ಮೇಡಂ.”

ನಾನು ಒಳಗೆ ಹೋಗಿ ಮೇಡಂಗೆ, ಉಪ್ಪಕ್ಕನಿಗೆ ಲೋಟ ಕೊಟ್ಟೆ. ಭಾವನದನ್ನು ಬಟ್ಟೆ ಸುತ್ತಿ ಕೊಟ್ಟೆ. ಆ ಜಗ್ಗಿನ ದಿನದಿಂದ ಅವರಿಗೆ ಹಾಗೆಯೇ ಕೊಡುತ್ತಿದ್ದೆ. ಮೇಡಂ ಬಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನಗೆ ನಾಚಿಕೆಯಾಯಿತು.