ನೀಲಿ ಕಂಡುಹಿಡಿದ ನಿಯಮ

ಚೈತ್ರಾ, ಆವತ್ತು ನೀನು ಹೇಳಿದ್ದು ಸರಿಯಾಗಿತ್ತು. ತಪ್ಪು ಅಂದವನು ನಾನು — ಸರಿ ಅಂತ ಗೊತ್ತಿದ್ದೂ ಅಂದೆ.

ಆಗ ಭಾನುವಾರ ಬಂತೆಂದರೆ ನಂಜನಗೂಡಿನಿಂದ ಬಸ್ಸು ಹಿಡಿದು ತಿ. ನರಸೀಪುರದ ನಿಮ್ಮ ಮನೆಗೆ ಬರುತ್ತಿದ್ದೆ. ಚಿಕ್ಕಪ್ಪನ ಮಗಳ ಮನೆಗೆ ಊಟಕ್ಕೆ ಹೋಗುತ್ತಾನೆ ಎಂದು ಅಮ್ಮ ತಿಳಿದಿದ್ದಳು. ನಾವು ಆಡುತ್ತಿದ್ದದ್ದು ಕಥೆಯ ಆಟ. ನಾನು ಒಂದು ಲೋಕ ಕಟ್ಟಿ ಹೇಳಬೇಕು. ನೀನೂ ನಿನ್ನ ಗಂಡ ಪ್ರಸಾದನೂ ಅದರೊಳಗೆ ಒಂದೊಂದು ಪಾತ್ರವಾಗಿ ಬದುಕಬೇಕು. ಮುಂದೇನಾಗುತ್ತದೆ ಎಂಬ ಅನುಮಾನ ಬಂದಲ್ಲಿ ದಾಳ ಉರುಳಿಸಬೇಕು. ನನ್ನ ಲೋಕದಲ್ಲಿ ಮಂತ್ರವೂ ಇತ್ತು, ರೈಲೂ ಇತ್ತು. ನಿನ್ನ ಪಾತ್ರ ನೀಲಿ — ನೀರಿನ ಮಂತ್ರ ಬಲ್ಲವಳು.

ಶುರುವಿನಲ್ಲೇ ನೀನು ಕೇಳಿದೆ: "ಮಂತ್ರ ಹೇಳಿದ್ರೆ ಒಂದ್ಸಲ ಯಂತ್ರ ನಿಂತೋಯ್ತದೆ, ಇನ್ನೊಂದ್ಸಲ ಏನೂ ಆಗಲ್ಲ. ಯಾಕಣ್ಣ? ಇದಕ್ಕೊಂದು ನಿಯಮ ಇದೆಯಾ?"

"ಇದೆ. ನೀನೇ ಕಂಡುಹಿಡಿ," ಎಂದೆ ನಾನು.

ಇರಲಿಲ್ಲ. ಆ ಹೊತ್ತಿಗೆ ಕಥೆಗೆ ಯಾವುದು ರುಚಿಯೋ ಅದನ್ನು ಹೇಳಿಬಿಡುತ್ತಿದ್ದೆ. ನೀನು ನಂಬಿದೆ. ಪ್ರಸಾದನ ಯೋಧ ಕೋಟೆಗೆ ನುಗ್ಗಲು ಅವಸರ ಮಾಡುತ್ತಿದ್ದರೆ, ನಿನ್ನ ನೀಲಿ ಬೀದಿದೀಪದ ಕೆಳಗೆ ನಿಂತು ಮಂತ್ರ ಹೇಳಿ ನೋಡುತ್ತಿದ್ದಳು. ತಾಂಡವಪುರದ ಕಡೆ ಪಾಠ ಹೇಳಲು ಹೋಗುವ ಬಸ್ಸಿನಲ್ಲಿ ಕೂತೇ ನನಗೆ ಫೋನ್ ಮಾಡುತ್ತಿದ್ದೆ ನೀನು. "ಅಣ್ಣ, ರೈಲು ನಿಲ್ಲಿಸಿದ ಆ ಸನ್ಯಾಸಿ ಅದಕ್ಕೂ ಮುಂಚೆ ಯಾವತ್ತಾದ್ರೂ ರೈಲು ಹತ್ತಿದ್ನಾ?"

ಹತ್ತಿರಲಿಲ್ಲ ಎಂದಿದ್ದೆ. ಯಾಕೆ ಕೇಳಿದೆ ಎಂದು ಯೋಚಿಸಿರಲಿಲ್ಲ.

ಆಮೇಲೊಂದು ಭಾನುವಾರ ಸಾರು ಬಡಿಸುತ್ತ, ಸೌಟು ಕೈಯಲ್ಲಿ ಹಿಡಿದೇ ನಿಂತುಬಿಟ್ಟೆ ನೀನು. "ಗೊತ್ತಾಯ್ತು ಕಣಣ್ಣ! ಯಂತ್ರದ ಒಳಗೇನಿದೆ ಅಂತ ತಿಳಿದೋರು ಮಂತ್ರ ಹೇಳಿದ್ರೆ ಮಂತ್ರ, ಯಂತ್ರ ಎರಡೂ ನಡೀತವೆ. ಅದನ್ನ ಕಂಡು ಹೆದರೋರು ಹೇಳಿದ್ರೆ ಯಂತ್ರ ನಿಲ್ಲುತ್ತೆ."

ಮನಸ್ಸಿನಲ್ಲೇ ಹಳೆಯದನ್ನೆಲ್ಲ ತಿರುವಿ ನೋಡಿದೆ. ರೈಲಿನ ಕೂಗಿಗೇ ನಡುಗುತ್ತಿದ್ದ ಸನ್ಯಾಸಿ. ಮಂತ್ರ ಹೇಳುತ್ತಲೇ ಗಿರಣಿ ಓಡಿಸಿದ ಕಮ್ಮಾರನ ಮಗಳು. ಎಲ್ಲವೂ ಕೂಡಿಬಂತು! ಬಾಯಿಗೆ ಬಂದದ್ದನ್ನು ಹೇಳಿದ್ದೆನಲ್ಲ — ಅದರೊಳಗೆ ಇಂಥ ನಿಯಮ ಎಲ್ಲಿ ಅಡಗಿತ್ತು? ನನಗೇ ಗೊತ್ತಿಲ್ಲದೆ ನಾನೇ ಇಟ್ಟಿದ್ದೆನೋ, ಇಲ್ಲ ನೀನು ನೋಡಿದ್ದರಿಂದ ಅದು ಹುಟ್ಟಿತೋ... ಇವತ್ತಿಗೂ ತಿಳಿಯದು.

ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು. ನಾನು ಕಟ್ಟಿದ ಲೋಕ ನನಗಿಂತ ನಿನಗೆ ಚೆನ್ನಾಗಿ ಗೊತ್ತು — ಅದೂ ಪ್ರಸಾದನ ಎದುರಿಗೆ.

ಊಟವಾದ ಮೇಲೆ ನೀನು ಪರೀಕ್ಷೆಗೇ ಇಳಿದೆ. ಏರುತ್ತಿದ್ದ ಪ್ರವಾಹ ತಡೆಯಲು ನೀಲಿ ಪಂಪ್‌ಹೌಸಿಗೆ ಹೋದಳು. ಯಂತ್ರ ಬಿಚ್ಚಿದಳು, ಒಂದೊಂದು ಭಾಗವನ್ನೂ ತಿಳಿದುಕೊಂಡು ಮತ್ತೆ ಜೋಡಿಸಿದಳು, ಓಡಿಸಿದಳು, ಮಂತ್ರ ಹೇಳಿದಳು. ದಾಳವನ್ನು ನಾನೇ, ನಿಮಗೆ ಕಾಣದಂತೆ ಕೈ ಅಡ್ಡ ಹಿಡಿದು ಉರುಳಿಸಿದೆ. ಬಿದ್ದದ್ದೂ ನಿನ್ನ ಪರವಾಗಿಯೇ.

"ಪಂಪು ಸಿಡಿಯಿತು," ಎಂದೆ. "ನೀಲಿ ಉಳಿಯಲಿಲ್ಲ."

"ಹಂಗಾದ್ರೆ ನಾನು ಅಂದ್ಕೊಂಡಿದ್ದು ತಪ್ಪಾ ಅಣ್ಣ?"

"ತಪ್ಪು."

ನೀನು ನಕ್ಕೆ. "ನನ್ ತಲೆ ಇಷ್ಟೇ ಬಿಡಣ್ಣ." ಬೇರೆ ಪಾತ್ರ ಮಾಡಿಕೋ ಎಂದರೆ, ಇದೆಲ್ಲ ನನಗೆ ಹತ್ತೋದಲ್ಲ ಅಂದುಬಿಟ್ಟೆ. ಈಗ ಹಬ್ಬಕ್ಕೆ ಸಿಕ್ಕಾಗ ಮಾತಾಡುತ್ತೀಯ, ಬಡಿಸುತ್ತೀಯ — ಏನನ್ನೂ ಕೇಳುವುದಿಲ್ಲ. ಅಷ್ಟೊಂದು ಕೇಳುತ್ತಿದ್ದವಳು.

ಇಷ್ಟೇ ಆಗಿದ್ದರೆ ಬಹುಶಃ ಸುಮ್ಮನಿದ್ದುಬಿಡುತ್ತಿದ್ದೆ. ಈಚೆಗೆ ನಮ್ಮ ಕಾರ್ಖಾನೆಯ ಹುಡುಗರು ನನ್ನ ರೂಮಿನಲ್ಲಿ ಅದೇ ಆಟ ಆಡುತ್ತಾರೆ. ಹೊಸದಾಗಿ ಬಂದವನೊಬ್ಬ ನಿನ್ನ ಪ್ರಶ್ನೆಯನ್ನೇ ಕೇಳಿದ. ನನ್ನ ಬಾಯಿಂದ ಬಂದದ್ದು ನಿನ್ನ ಉತ್ತರ. "ಎಂಥಾ ತಲೆ ಸಾ ನಿಮ್ದು!" ಅಂದ. ನಾನು — ಅದು ನನ್ನದಲ್ಲ ಅನ್ನಲಿಲ್ಲ. ಮುಗುಳ್ನಕ್ಕೆ.

ಮುಂದಿನ ಸಲ ಸೇರಿದಾಗ ಅವರಿಗೆ ನಿಜ ಹೇಳಿದೆ. ಇದನ್ನು ಕಂಡುಹಿಡಿದವಳು ನನ್ನ ತಂಗಿ, ಕಂಡುಹಿಡಿದಳೆಂದೇ ಅವಳ ಪಾತ್ರವನ್ನು ಕೊಂದೆ, ಎಂದೆ. ಆಮೇಲೆ ಆ ಹೊಸಬ, "ಆ ಅಕ್ಕ ಬತ್ತಾರಾ ಸಾ?" ಎಂದು ಕೇಳಿದ. ಅವರು ಹೊರಟ ಮೇಲೆ ಈ ಕಾಗದಕ್ಕೆ ಕೂತೆ.

ನಿನ್ನನ್ನು ಆಟಕ್ಕೆ ಕರೆಯಲು ಇದನ್ನು ಬರೆಯುತ್ತಿಲ್ಲ. ಪ್ರಸಾದನೂ ಮನೆಯಲ್ಲಿರುವ ಹೊತ್ತಿಗೆ ಬರುತ್ತೇನೆ. ಅವನ ಎದುರಿಗೇ ನಿನ್ನ ಮಾತು ತಪ್ಪು ಅಂದಿದ್ದೆ. ಅವನ ಎದುರಿಗೇ ಇಷ್ಟನ್ನೂ ಬಾಯಿಬಿಟ್ಟು ಹೇಳಬೇಕು. ಒಳಗೆ ಕರೆಯುವುದು, ಬಿಡುವುದು ನಿನಗೆ ಬಿಟ್ಟದ್ದು.