ಹುಷಾರಿಲ್ಲ ಎಂದು ಬರೆದ ಕೈ

“ಒಂದ ಹೊಟ್ಟಿ, ಒಂದ ತೊಟ್ಟಿಲ, ಒಂದ ಮನಿ. ಎರಡು ಥರ ಯಾಕಾದ್ವು?”

ಕೇಳಿದ್ದು ದಾಕ್ಷಾಯಿಣಿ. ಕೇಳಿಕೊಂಡದ್ದು ತಮಗೆ ತಾವೇ; ಗಂಡ ಒಳಗೆ ಇನ್ನೂ ಎದ್ದಿಲ್ಲ. ಬೆಳಗಿನ ಐದೂವರೆ. ಬಾಗಿಲ ಚಿಲಕಕ್ಕೆ ತೂಗುವ ಕಾಟಾ ನೇತುಹಾಕಿ, ಅದರ ಕೊಕ್ಕೆಗೆ ಒಂದು ಕಿಲೋ ಉಪ್ಪಿನ ಪಾಕೀಟು ಸಿಕ್ಕಿಸಿದ್ದಾರೆ. ಮುಳ್ಳು ಅತ್ತಿತ್ತ ಆಡಿ ಒಂದರ ಮೇಲೆ ನಿಲ್ಲುತ್ತದೆ. ಹೀಗೆ ನೋಡಿಕೊಳ್ಳದೆ ಅವರು ಒಂದು ದಿನವೂ ಚೀಲ ಹೆಗಲಿಗೇರಿಸಿದವರಲ್ಲ. “ಕಾಟಾ ತಪ್ಪಿದ್ರ ಉಪ್ಪು ಹೇಳತೈತಿ. ಮಾತು ತಪ್ಪಿದ್ರ ಯಾರು ಹೇಳಬೇಕು?” ಎನ್ನುತ್ತ ಮೊಣಕಾಲು ಹಿಡಿದು ಏಳುತ್ತಾರೆ.

ದಾಕ್ಷಾಯಿಣಿಗೆ ಐವತ್ತನಾಲ್ಕು. ಮಕ್ಕಳ ಬೆಳವಣಿಗೆಯನ್ನು ಅಭ್ಯಾಸ ಮಾಡುವ ನಾಗಪುರದ ಒಂದು ಸಂಸ್ಥೆಗಾಗಿ ಹತ್ತೊಂಬತ್ತು ವರ್ಷದಿಂದ ಮನೆ ಮನೆ ತಿರುಗುತ್ತಿದ್ದಾರೆ. ಮಗುವಿನ ಗುಣದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಮನೆಯಿಂದ ಬಂದದ್ದೆಷ್ಟು ಎಂಬುದು ಸಂಸ್ಥೆಯ ಪ್ರಶ್ನೆ. ಉತ್ತರ ದೊಡ್ಡವರು ಬರೆಯುತ್ತಾರೆ; ಅಳತೆ ದಾಕ್ಷಾಯಿಣಿಯದು. ಎತ್ತರ, ತೂಕ, ಆಡುವ ಮಾತುಗಳ ಲೆಕ್ಕ, ಮರದ ತುಂಡುಗಳನ್ನು ಒಂದರ ಮೇಲೊಂದು ಇಡುವ ಆಟ. ದಿನಕ್ಕೆ ಹನ್ನೊಂದು ಮನೆ. ಸೋಮವಾರ ಮನೀಶ್ ನಗರ, ಬುಧವಾರ ಖಾಪರಖೇಡಾದ ಕ್ವಾರ್ಟರ್ಸು, ಶನಿವಾರ ಎರಡು ಬಸ್ಸು ಬದಲಿಸಿ ಸಾವನೇರ್. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದ ಗಂಡ ಕಾಶೀನಾಥ ಈಗ ಉಸಿರಿನ ತೊಂದರೆಯಿಂದ ಮನೆಯಲ್ಲೇ ಇದ್ದಾರೆ. ದಾಕ್ಷಾಯಿಣಿಯ ಕೆಲಸವೂ ಖಾಯಂ ಅಲ್ಲ. ವರ್ಷಕ್ಕೊಮ್ಮೆ ಮೇಲಿನವರ ಸಹಿ ಬೀಳಬೇಕು.

ಇಂದು ಅವರು ಮೊದಲು ಹೋಗಬೇಕಾದ್ದು ಮನೆಗಳಿಗಲ್ಲ, ಕಚೇರಿಗೆ.

ಮನೀಶ್ ನಗರದಲ್ಲಿ ತುಮಕೂರು ಕಡೆಯ ಒಂದು ಮನೆ. ಯಜಮಾನ ಶ್ರೀಶ ಬ್ಯಾಂಕ್ ನೌಕರರು. ಅವರಿಗೆ ಅಚ್ಚು ಹೊಡೆದಂಥ ಅವಳಿ ಹೆಣ್ಣುಮಕ್ಕಳು, ಚಾರುಲತಾ ಮತ್ತು ವಾಣಿಶ್ರೀ. ಈಗ ಮೂರೂವರೆ ವರ್ಷ. ಚಾರು ಬಾಯಿ ಮುಚ್ಚುವುದಿಲ್ಲ. ವಾಣಿ ಬಾಯಿ ತೆರೆಯುವುದಿಲ್ಲ. “ವಂಶದಲ್ಲೇ ಇದೆ, ನಮ್ಮ ಚಿಕ್ಕಪ್ಪ ಒಬ್ಬರು ಹೀಗೇ ಮಂಕಾಗಿದ್ದರು” ಎಂದು ಶ್ರೀಶ ಒಪ್ಪಿಕೊಂಡುಬಿಟ್ಟಿದ್ದಾರೆ. ಚಾರುವಿಗೆ ಬಾಲವಾಡಿ, ಹಾಡು, ಚಿತ್ರದ ಪುಸ್ತಕ. ವಾಣಿಗೆ ಅಜ್ಜಿಯ ಮಡಿಲು ಮತ್ತು ಟೀವಿ.

ಕಳೆದ ಸೋಮವಾರ ಬಾಗಿಲು ತೆರೆದ ಅಜ್ಜಿ ಚಂದ್ರಮ್ಮ, “ಇವತ್ತು ಬೇಡ ಕಣಮ್ಮ, ನನಗೆ ಹುಷಾರಿಲ್ಲ” ಎಂದರು.

ದಾಕ್ಷಾಯಿಣಿ ನಕ್ಕರು. “ನಿಮ್ಮಷ್ಟು ಹುಷಾರ್ ಯಾರದಾರ್ರಿ ಅಜ್ಜಿ? ಕಾಯಿಪಲ್ಲೆದಾಂವ ನಿಮ್ಮನ್ನ ಕಂಡ್ರ ಗಾಡಿ ತಿರುಗಸ್ತಾನ!”

“ಅಯ್ಯೋ, ಜ್ವರ ಕಣೇ! ಮೈ ಮುಟ್ಟಿ ನೋಡು. ಹುಷಾರಿಲ್ಲ ಅಂದ್ರೆ ಜ್ವರ ಅಲ್ವೇನೇ?”

ನಗು ಅಲ್ಲೇ ನಿಂತಿತು. ದಾಕ್ಷಾಯಿಣಿಯ ತವರಿನ ಮಾತಿನಲ್ಲಿ ಜ್ವರ ಬಂದರೆ ‘ಆರಾಮಿಲ್ಲ’. ಹುಷಾರ್ ಎಂದರೆ ಚುರುಕು, ಜಾಣ. ನಾಗಪುರದ ಮರಾಠಿಯಲ್ಲೂ ಅದೇ. ಒಂದೂವರೆ ವರ್ಷದ ಹಿಂದೆ, ಎರಡು ವರ್ಷದ ವಾಣಿ ಆಟದ ಒಂದೂ ತುಂಡು ಮುಟ್ಟದೆ ಮಲಗಿದ್ದ ದಿನ ಇದೇ ಅಜ್ಜಿ, “ವಾಣಿಗೆ ಹುಷಾರಿಲ್ಲ” ಎಂದಿದ್ದರು. ದಾಕ್ಷಾಯಿಣಿ ಮಗುವಿನ ಅಳತೆಯ ಕಾರ್ಡಿನಲ್ಲಿ ಮರಾಠಿಯಲ್ಲಿ ಬರೆದರು: ಹುಶಾರ್ ನಾಹೀ. ಅಂದರೆ, ಮಗು ಜಾಣೆಯಲ್ಲ.

ಅಜ್ಜಿಗೆ ಮರಾಠಿ ಓದಲು ಬಾರದು. ಮಗನಿಗೆ ಬರುತ್ತದೆ. ಮನೆಗೆ ಕೊಟ್ಟ ಪ್ರತಿಯನ್ನು ಮಗ ಓದಿದ, ನಂಬಿದ. ಮನೆ ಆ ಎರಡು ಪದದ ಸುತ್ತ ಮೆಲ್ಲಗೆ ತಿರುಗಿಕೊಂಡಿತು. ಜಾಣೆಗೆ ಕಥೆ ಹೇಳಿದರು, ಜಾಣೆಯಲ್ಲದವಳಿಗೆ ಹೇಳುವುದನ್ನು ಬಿಟ್ಟರು. “ರಕ್ತದಾಗ ಏನೂ ಇರಲಿಲ್ರಿ,” ಎನ್ನುತ್ತಾರೆ ದಾಕ್ಷಾಯಿಣಿ. “ಮನಿಯಾಗ ಹೊಕ್ಕಿದ್ದು ನನ್ನ ಅಕ್ಷರ.” ಶ್ರೀಶರಿಗೆ ಇನ್ನೂ ಹೇಳಿಲ್ಲ. ಮೊದಲು ಕಾರ್ಡು ತಿದ್ದಿ ಅದನ್ನೇ ಹಿಡಿದು ಹೋಗಬೇಕೆಂದಿದ್ದಾರೆ. ಬರುವ ತಿಂಗಳು ಇದೇ ಕಾರ್ಡು ಶಾಲೆಗೆ ಹೋಗಲಿದೆ. ಅಲ್ಲಿಯೂ ಅದೇ ಪದ ಓದಿದರೆ ವಾಣಿಗೆ ಹಿಂದಿನ ಬೆಂಚು ಖಚಿತ.

ಹತ್ತು ಗಂಟೆಗೆ ಕಚೇರಿ. ಮೇಲ್ವಿಚಾರಕ ರಘುನಂದನ ಧಾರವಾಡದವರು, ಕೆಟ್ಟ ಮನುಷ್ಯರೇನಲ್ಲ. ಕುರ್ಚಿ ತೋರಿಸಿ, ಚಹಾ ತರಿಸಿ, ಎಲ್ಲ ಕೇಳಿಸಿಕೊಳ್ಳುತ್ತಾರೆ.

“ಅಕ್ಕಾರ, ತಪ್ಪಾಗೇತಿ ಅಂತ ಬರದ್ರ ನಿಮ್ಮ ಹತ್ತೊಂಬತ್ತು ವರ್ಷದ ಕಾರ್ಡೆಲ್ಲಾ ಸಂಶಯಕ್ಕ ಬೀಳತಾವ. ಮಾರ್ಚಿನಾಗ ನಿಮ್ಮ ಕೆಲಸ ಮುಂದುವರಸೂ ಸಹಿ ಐತಿ. ನಾ ಹೇಳೂದು ಕೇಳ್ರಿ. ‘ಈಗ ಸುಧಾರಿಸ್ಯಾಳ’ ಅಂತ ಬರೀರಿ. ಕೂಸಿಗೆ ಸಾಲಿ ಸಿಗತೈತಿ, ನಿಮ್ಮ ಹೆಸರು ಉಳಿತೈತಿ, ನಮ್ಮ ಕೆಲಸಕ್ಕೂ ಚಲೋ.”

ದಾಕ್ಷಾಯಿಣಿ ಚಹಾ ಮುಟ್ಟುವುದಿಲ್ಲ. ಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲೆ ಹರಡುತ್ತಾರೆ. ಹಳೆಯ ಎರಡು ಪದದ ಮೇಲೆ ಒಂದೇ ಗೆರೆ ಎಳೆಯುತ್ತಾರೆ, ಕೆಳಗಿನದು ಓದಲು ಬರುವಷ್ಟು ತೆಳ್ಳಗೆ. ಪಕ್ಕದಲ್ಲಿ ಬರೆಯುತ್ತಾರೆ: ಆ ದಿನ ಮಗುವಿಗೆ ಜ್ವರವಿತ್ತು, ತಪ್ಪು ಬರೆದವಳು ನಾನು. ಕೆಳಗೆ ಪೂರ್ತಿ ಹೆಸರು.

“ಅಕ್ಕಾರ, ‘ಸುಧಾರಿಸ್ಯಾಳ’ ಅನ್ನೂದೊಂದು ಬರೀರಿ. ಅಷ್ಟ ಸಾಕು.”

“ಸುಧಾರಿಸ್ಯಾಳ ಅಂದ್ರ ಮೊದಲ ಕೆಟ್ಟಿದ್ಲು ಅಂದಂಗ ಆತ್ರಿ. ಕೂಸು ಹುಟ್ಟಿದಾಗಿಂದ ಬರೋಬರ್ ಐತಿ, ಸಾಹೇಬ್ರ.” ಪೆನ್ನಿನ ಮುಚ್ಚಳ ಹಾಕುತ್ತಾರೆ. “ನಾ ಬರಿಯೂದಿಲ್ಲ.”