ಇಂಪನಾಳ ಪಾಲಿನ ಹಾಲು

ಗಂಗೋತ್ರಿ ನ್ಯಾಮತಿಯ ಬಟ್ಟೆ ಅಂಗಡಿಯ ಕೆಲಸಕ್ಕೆ ಮರಳಿದಾಗ ಮಗಳು ಇಂಪನಾಳಿಗೆ ಆಗಷ್ಟೇ ಆರು ತಿಂಗಳು ತುಂಬಿತ್ತು. ಗಂಗೋತ್ರಿ ಹುಟ್ಟಿ ಬೆಳೆದದ್ದು ಜಗಳೂರಿನ ಕಡೆ. ಗಂಡ ಗುರುಸ್ವಾಮಿಗೆ ಸವಳಂಗದ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಅಲ್ಲೇ ಬಾಡಿಗೆ ಮನೆ ಹಿಡಿದಿದ್ದರು. ಮಗುವನ್ನು ನೋಡಿಕೊಳ್ಳಲೆಂದು ಅತ್ತೆ ಗಾದ್ರಮ್ಮ ಊರಿನಿಂದ ಬಂದು ಸೇರಿಕೊಂಡಿದ್ದಳು.

ಕೆಲಸಕ್ಕೆ ಹೋದರೂ ಮಗುವಿಗೆ ಎದೆಹಾಲು ತಪ್ಪಬಾರದು ಎಂಬುದು ಗಂಗೋತ್ರಿಯ ಹಟ. ಅದಕ್ಕೆ ಒತ್ತಾಸೆಯಾಗಿ ನಿಂತವನು ಗುರುಸ್ವಾಮಿಯೇ. ಶಿವಮೊಗ್ಗಕ್ಕೆ ಹೋಗಿ ಹಾಲು ತೆಗೆಯುವ ಪಂಪು ತಂದುಕೊಟ್ಟ. ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾದಾಗ ಅವಳು ಗೋದಾಮಿನೊಳಗೆ ಹೋಗಿ, ಸೀರೆಯ ಪೆಟ್ಟಿಗೆಗಳ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಜೊತೆಗೆ ಕೆಲಸ ಮಾಡುವ ಅರುಣಾ ಬಾಗಿಲ ಬಳಿ ನಿಂತು ಯಾರೂ ಒಳಗೆ ಬಾರದಂತೆ ನೋಡಿಕೊಳ್ಳುತ್ತಿದ್ದಳು. ಮೊದಮೊದಲು ಕಣ್ಣಲ್ಲಿ ನೀರು ಬರುವಷ್ಟು ನೋವು. ಅಷ್ಟಾದರೂ ಬಾಟಲಿ ಅರ್ಧವೂ ತುಂಬುತ್ತಿರಲಿಲ್ಲ. ಹಾಲು ಹೆಚ್ಚಲೆಂದು ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿಂದಳು. ತೆಗೆದ ಹಾಲನ್ನು ಐಸ್ ತುಂಬಿದ ಚೀಲದಲ್ಲಿಟ್ಟುಕೊಂಡು ಸಂಜೆ ಬಸ್ಸಿನಲ್ಲಿ ಮಗುವಿನಷ್ಟೇ ಜೋಪಾನವಾಗಿ ಮನೆಗೆ ತಂದು ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಮಗು ಮರುದಿನ ಕುಡಿಯುವುದು ಅದನ್ನೇ.

ಗುರುಸ್ವಾಮಿ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅವಳು ತಪ್ಪದೆ ಫೋನ್ ಮಾಡುತ್ತಿದ್ದಳು.

“ಕುಡಿದ್ಲೇನ್ರಿ?”

“ಪೂರ್ತಿ ಕುಡಿದ್ಲು ಕಣೇ. ಬಾಟ್ಲಿ ತೊಳೆದೂ ಇಟ್ಟೀನಿ.”

ಆ ಒಂದು ಮಾತು ಕೇಳಿದ ಮೇಲೆ ಅವಳಿಗೆ ಬುತ್ತಿಯ ಅನ್ನ ರುಚಿಸುತ್ತಿತ್ತು.

ಮಗುವಿಗೆ ರಾಗಿ ಸರಿ ಶುರು ಮಾಡಿದ ಕೆಲವು ದಿನಕ್ಕೆ ತೊಂದರೆ ಕಾಣಿಸಿಕೊಂಡಿತು. ಇಂಪನಾ ತಿಣುಕುತ್ತಿದ್ದಳು, ಮುಖ ಕೆಂಪಗೆ ಮಾಡಿಕೊಂಡು ಕಾಲು ಹೊಟ್ಟೆಗೆ ಸೆಳೆದುಕೊಂಡು ಕಿರುಚುತ್ತಿದ್ದಳು. ಕೊನೆಗೆ ಬೀಳುತ್ತಿದ್ದುದು ಕಡಲೆಕಾಳಿನಂಥ ಗಟ್ಟಿ ಉಂಡೆ. ಒಂದು ಬೆಳಿಗ್ಗೆ ಅದರ ಮೇಲೆ ರಕ್ತದ ಗೆರೆ ಗಂಗೋತ್ರಿಗೆ ಕಂಡಿತು. ತಾನು ತಿಂದದ್ದೇನೋ ಹಾಲಿನ ಮೂಲಕ ಮಗುವಿಗೆ ಉಷ್ಣ ಮಾಡಿರಬೇಕು ಎಂದು ಹೆದರಿ ಬದನೆಕಾಯಿ ಬಿಟ್ಟಳು, ಹಸಿಮೆಣಸಿನಕಾಯಿ ಬಿಟ್ಟಳು. ಬರೀ ಮೊಸರನ್ನ ಉಂಡಳು.

“ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣಿ ಹಚ್ಚಿ ಬುಡಕ್ಕೆ ಇಡ್ತೀನಿ ತಾಯಿ, ಈಗ್ಲೇ ಸಲೀಸಾಗ್ತೈತೆ. ನಿನ್ ಗಂಡಗೂ ಹಂಗೇ ಮಾಡಿದ್ದೆ,” ಎಂದಳು ಗಾದ್ರಮ್ಮ.

“ಬ್ಯಾಡ ಅತ್ತೆ, ಡಾಕ್ಟ್ರಿಗೆ ತೋರಿಸಾನ.”

ನ್ಯಾಮತಿಯ ಡಾಕ್ಟರಮ್ಮ ಮಗುವಿನ ಹೊಟ್ಟೆ ಒತ್ತಿ ನೋಡಿದರು. “ಊಟ ಶುರು ಮಾಡಿದ ಹೊಸದರಲ್ಲಿ ಸ್ವಲ್ಪ ಗಟ್ಟಿಯಾಗೋದು ಸಹಜ. ಆದ್ರೆ ಇದು ಜಾಸ್ತಿನೇ ಆಗಿದೆ. ಹಸುವಿನ ಹಾಲು, ಎಮ್ಮೆ ಹಾಲು ಏನಾದ್ರೂ ಕೊಡ್ತೀರಾ?”

“ಇಲ್ಲ ಮೇಡಂ, ನನ್ ಹಾಲೇ. ಕೆಲಸಕ್ಕೋದ್ರೂ ತೆಗೆದಿಟ್ಟು ಕೊಡ್ತೀನಿ.” ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು. ಪಕ್ಕದಲ್ಲಿ ಕೂತಿದ್ದ ಗುರುಸ್ವಾಮಿ ಮಗುವಿನ ಟೋಪಿಯ ದಾರ ಕಟ್ಟುವುದರಲ್ಲೇ ಮುಳುಗಿದ್ದ.

ರಾಗಿ ಸರಿಯನ್ನು ತೆಳ್ಳಗೆ ಮಾಡಿ, ಅಳತೆ ಕಡಿಮೆ ಮಾಡಿ ಎಂದರು ಡಾಕ್ಟರಮ್ಮ. ಪಪ್ಪಾಯಿ ಹಣ್ಣು ಕಿವುಚಿ ಕೊಡಿ, ಸಿಹಿಗುಂಬಳ ಬೇಯಿಸಿ ನುಣ್ಣಗೆ ಮಾಡಿ ತಿನ್ನಿಸಿ, ಊಟದ ಜೊತೆ ಕಾಯಿಸಿ ಆರಿಸಿದ ನೀರನ್ನು ಚಮಚದಲ್ಲಿ ಕುಡಿಸಿ. ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ, ಅಂಗಾತ ಮಲಗಿಸಿ ಸೈಕಲ್ ತುಳಿಸಿದ ಹಾಗೆ ಕಾಲು ಆಡಿಸಿ. ಸೋಪಿನ ಚೂರು, ಎಲೆಯ ತೊಟ್ಟು ಇಡುವುದು ಬೇಡವೇ ಬೇಡ. ಮತ್ತೆ ರಕ್ತ ಕಂಡರೆ, ವಾಂತಿಯಾದರೆ, ಹೊಟ್ಟೆ ಉಬ್ಬಿದರೆ ಕೂಡಲೇ ಕರೆತನ್ನಿ.

ಗಂಗೋತ್ರಿ ಒಂದನ್ನೂ ಬಿಡದೆ ಮಾಡಿದಳು. ತಾನು ಮನೆಯಲ್ಲಿದ್ದ ದಿನ ಮಗು ಹಗುರಾಗುತ್ತಿತ್ತು. ಕೆಲಸಕ್ಕೆ ಹೋಗತೊಡಗಿದರೆ ಮತ್ತೆ ಅದೇ ತಿಣುಕುವುದು, ಅದೇ ಅಳು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ತಿಳಿದದ್ದು ಸವಳಂಗದ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸಿಗೆ ಕಾಯುತ್ತಿದ್ದಾಗ, ಹಾಲು ಮಾರುವ ಭೀಮಕ್ಕ ಖಾಲಿ ಕ್ಯಾನು ಹಿಡಿದು ಎದುರಿಗೆ ಬಂದಳು.

“ನಿನ್ ಮಗಳಿಗೆ ನಮ್ಮೆಮ್ಮೆ ಹಾಲು ಹೆಂಗೆ ಹಿಡಿಸೈತೆ ನೋಡವ್ವ! ಕೆನ್ನೆ ಹೆಂಗೆ ತುಂಬ್ಯಾವೆ!”

“ಯಾರಿಗಕ್ಕ?”

“ಕೂಸಿಗೇ! ನೀರು ಬೆರೆಸ್ಬ್ಯಾಡ್ರಿ, ಕೂಸಿಗೆ ಕುಡಿಯಾಕೆ ಅಂತ ನಿನ್ ಗಂಡನೇ ಹೇಳಿದ್ನಲ್ಲ.”

ಬಸ್ಸು ಬಂತು. ಗಂಗೋತ್ರಿ ಹತ್ತಲಿಲ್ಲ. ಅರುಣಾಳಿಗೆ ಫೋನ್ ಮಾಡಿ, ಬರುವುದಿಲ್ಲವೆಂದು ಹೇಳಿ ಮನೆಯ ಕಡೆ ನಡೆದಳು. ಭೀಮಕ್ಕ ಬೇರೆ ಯಾರದೋ ಮಗುವಿನ ವಿಷಯ ಹೇಳಿರಬಹುದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಮನೆಯೊಳಗೆ ಚಾಪೆಯ ಮೇಲೆ ಇಂಪನಾ ಕೂತಿದ್ದಳು. ಬಾಯ ಸುತ್ತ ಬಿಸ್ಕತ್ತಿನ ಹಿಟ್ಟು, ಪಕ್ಕದಲ್ಲಿ ಕೆನೆಗಟ್ಟಿದ ಹಾಲಿನ ಲೋಟ. ಹಿತ್ತಲಲ್ಲಿ ಗಾದ್ರಮ್ಮ ಬಗ್ಗಿ ನಿಂತು ಕರಿಬೇವಿನ ಗಿಡದ ಬುಡಕ್ಕೆ ಬಾಟಲಿಯಿಂದ ಏನೋ ಸುರಿಯುತ್ತಿದ್ದಳು.

“ಅತ್ತೆ, ಅದು ನನ್ ಹಾಲಲ್ವಾ?”

ಗಾದ್ರಮ್ಮ ಬೆಚ್ಚಿ ತಿರುಗಿದಳು. ಆದರೆ ಮುಚ್ಚಿಡಲು ನೋಡಲಿಲ್ಲ. “ತುಳಿಯೋ ಜಾಗಕ್ಕೆ ಚೆಲ್ಲಿಲ್ಲವ್ವ, ಗಿಡಕ್ಕೇ ಹಾಕೀನಿ. ಫ್ರಿಜ್ಜಿನಾಗಿಟ್ಟ ತಂಗಳು ಹಾಲು ಹಸುಗೂಸಿಗೆ ಹೆಂಗೆ ಕೊಡಾಕೆ ಆಗ್ತೈತೆ? ನಿನ್ ಗಂಡಗೆ ಮೊದಲ ದಿನವೇ ಹೇಳಿದ್ದೆ. ನಿಂಗೆ ಹೇಳ್ತೀನಿ ಅಂದಿದ್ದ. ಹೇಳಿಲ್ವಾ?”

ಗಂಗೋತ್ರಿಗೆ ಅತ್ತೆಯ ಮೇಲೆ ಸಿಟ್ಟು ಬಂತು, ಬಂದಷ್ಟೇ ಬೇಗ ಇಳಿಯಿತು. ಆ ಮುಖದಲ್ಲಿ ಕಪಟವಿರಲಿಲ್ಲ. ಅವಳಿಗೆ ನೆನಪಾದದ್ದು ಗೋದಾಮಿನ ನೋವು, ಡಾಕ್ಟರಮ್ಮನ ಮುಂದೆ ಆಡಿದ ಹೆಮ್ಮೆಯ ಮಾತು, ಆಗ ಟೋಪಿಯ ದಾರ ಕಟ್ಟುತ್ತಿದ್ದ ಕೈಗಳು.

ಮಧ್ಯಾಹ್ನ ಗುರುಸ್ವಾಮಿ ಬಂದಾಗ ಅವಳು ಹೊಸ್ತಿಲ ಬಳಿಯೇ ಕೂತಿದ್ದಳು. ಅವಳನ್ನು ನೋಡಿದ್ದೇ ಅವನಿಗೆ ಎಲ್ಲ ಅರ್ಥವಾಯಿತು.

“ನೀನು ಅಷ್ಟು ಕಷ್ಟಪಡ್ತಿದ್ದೆ. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ ಗಂಗಾ. ಅವ್ವಗೂ ಎದುರಾಡಾಕೆ ಆಗ್ಲಿಲ್ಲ.”

“ಸುಮ್ನಿದ್ರಾ? ದಿನಾ ಪೂರ್ತಿ ಕುಡಿದ್ಲು ಅಂದ್ರಿ. ಕೂಸಿನ ಬುಡದಾಗೆ ರಕ್ತ ಬಂದಾಗ್ಲೂ, ಡಾಕ್ಟ್ರು ಬಾಯಿಬಿಟ್ಟು ಕೇಳಿದಾಗ್ಲೂ ಸುಮ್ನಿದ್ರಿ. ನನ್ ತಪ್ಪೇನೋ ಅಂತ ನಾನು ಬಾಯಿ ಕಟ್ಕಂಡು ಮೊಸರನ್ನ ತಿಂತಿದ್ದೆ, ಎದುರಿಗೆ ಕೂತು ನೋಡಿದ್ರಿ.”

“ಎಮ್ಮೆ ಹಾಲಿಂದ ಹಿಂಗಾಗ್ತೈತೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ.”

“ನಂಗೆ ಗೊತ್ತಾಗಿದ್ರೆ ಅವತ್ತೇ ನಿಲ್ತಿತ್ತು.”

ಗುರುಸ್ವಾಮಿ ಊಟ ಮಾಡದೆ ಗ್ಯಾರೇಜಿಗೆ ಹೋದ.

ಗಂಗೋತ್ರಿ ರಜೆ ಹಾಕಿ ಮನೆಯಲ್ಲಿ ಉಳಿದಳು. ಅತ್ತೆಯ ಜೊತೆ ಮಗುವನ್ನು ಮತ್ತೆ ಡಾಕ್ಟರಮ್ಮನ ಬಳಿ ಕರೆದೊಯ್ದು ನಿಜ ಹೇಳಿದಳು. ಹೇಳುವಾಗ ನಾಚಿಕೆಯಿಂದ ತಲೆ ತಗ್ಗಿತು, ಸುಳ್ಳು ಹೇಳಿದವಳು ತಾನೇ ಏನೋ ಎಂಬಂತೆ. ಡಾಕ್ಟರಮ್ಮ ಬೈಯಲಿಲ್ಲ. ವರ್ಷ ತುಂಬುವವರೆಗೆ ಎಮ್ಮೆ ಹಾಲು ಕುಡಿಸಬೇಡಿ, ಬಿಸ್ಕತ್ತೂ ಬೇಡ, ಫ್ರಿಜ್ಜಿನ ಎದೆಹಾಲನ್ನು ಬಿಸಿನೀರಿನಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಿ ಕೊಡಬಹುದು ಎಂದು ಗಾದ್ರಮ್ಮನಿಗೇ ಬಿಡಿಸಿ ಹೇಳಿದರು. ವಾಪಸು ಬರುವಾಗ ಗಾದ್ರಮ್ಮ ಬಸ್ಸಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ ಕೈಯಾರೆ ಕೂಸಿನ ಹೊಟ್ಟೆ ಕಟ್ಸಿದ್ನಾ ಗಂಗಾ?”

“ನಿಮಗೆ ಗೊತ್ತಿರ್ಲಿಲ್ಲ ಬಿಡ್ರಿ ಅತ್ತೆ.”

ಸಿಹಿಗುಂಬಳವನ್ನು ಬೇಯಿಸಿ ಕಿವುಚುವುದು ಗಾದ್ರಮ್ಮನ ಕೆಲಸವಾಯಿತು, ಕಾಲು ಆಡಿಸುವುದು ಗಂಗೋತ್ರಿಯದು. ಒಂದು ಬೆಳಿಗ್ಗೆ ಇಂಪನಾ ಮುಖ ಕೆಂಪಾಗಿಸದೆ, ಆಟವಾಡುತ್ತಲೇ ಮೆತ್ತಗೆ ಹೊಲಸು ಮಾಡಿಕೊಂಡು ನಕ್ಕಳು. ಅತ್ತೆ ಸೊಸೆ ಇಬ್ಬರೂ ಚಾಪೆ ಒಗೆಯುವುದನ್ನೂ ಮರೆತು ನಕ್ಕರು. ಗುರುಸ್ವಾಮಿ ಬಾಗಿಲಲ್ಲಿ ನಿಂತು ನೋಡಿ ತಾನೂ ನಕ್ಕ. ಗಂಗೋತ್ರಿಯ ನಗು ಅಲ್ಲಿಗೆ ನಿಂತಿತು.

ಈಗ ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ. ಗಾದ್ರಮ್ಮ ಹಾಲು ಬೆಚ್ಚಗೆ ಮಾಡಿ ತಾನೇ ಕುಡಿಸುತ್ತಾಳೆ. ಗುರುಸ್ವಾಮಿ ಮೊದಲಿಗಿಂತ ಮೆದುವಾಗಿ ಮಾತಾಡುತ್ತಾನೆ, ಕೇಳುವ ಮೊದಲೇ ಕೆಲಸ ಮಾಡಿಕೊಡುತ್ತಾನೆ. ಮನೆಯಲ್ಲಿ ಜಗಳವಿಲ್ಲ. ಆದರೆ ಮೊನ್ನೆ ಅವನು, “ಸಿಲಿಂಡರ್ ಬಂದೈತೆ, ಒಳಗಿಟ್ಟೀನಿ,” ಎಂದಾಗ ಗಂಗೋತ್ರಿ ಹೂಂ ಅಂದಳು. ಅಂದವಳು, ಕೈಯಲ್ಲಿದ್ದ ಕೆಲಸ ಬಿಟ್ಟು, ಎದ್ದು ಅಡುಗೆಮನೆಗೆ ಹೋಗಿ ನೋಡಿ ಬಂದಳು.